ಈಜು ಸ್ಪರ್ಧೆ (ಮೀಟ್) ಹತ್ತಿರ ಬಂದಾಗ ಕೋಚ್ ಪ್ರಾಕ್ಟೀಸ್ ಅರ್ಧ ಮಾಡಿದ್ದಾರೆ, ಇದು ಸರೀನಾ?

ಹಾಸನದ_ಅಪ್ಪ
ಎಲ್ಲರಿಗೂ ನಮಸ್ಕಾರ. ಮಗಳಿಗೆ 14 ವರ್ಷ. 200 ಮೀಟರ್ ಫ್ರೀಸ್ಟೈಲ್ ಮತ್ತು 100 ಮೀಟರ್ ಬ್ಯಾಕ್‌ಸ್ಟ್ರೋಕ್ ಈಜುತ್ತಾಳೆ. ಬೆಂಗಳೂರಿನ ಬಸವನಗುಡಿ ಪೂಲ್‌ನಲ್ಲಿ ಮೀಟ್ ಇದೆ, ಇನ್ನು ಎರಡು ವಾರವೂ ಪೂರ್ತಿ ಇಲ್ಲ. ಇಷ್ಟು ದಿನ ವಾರಕ್ಕೆ ಆರು ದಿನ, ದಿನಕ್ಕೆ 4500 ಮೀಟರ್ ಈಜಿಸುತ್ತಿದ್ದ ಕೋಚ್ ಈಗ 3500ಕ್ಕೆ ಇಳಿಸಿದ್ದಾರೆ. ಮುಂದಿನ ವಾರ 2000 ಅಂತೆ, ಕೊನೆಯ ಎರಡು ದಿನ ಬರೀ 1200. ಕೇಳಿದರೆ "ಟೇಪರ್ ಸರ್, ನಂಬಿ" ಅಂದರು. ಅಷ್ಟೇ ವಿವರಣೆ.

ನಂಬುವುದಕ್ಕೆ ಕಷ್ಟವಾಗುತ್ತಿದೆ. ಈಗಲ್ಲವಾ ಜಾಸ್ತಿ ಮಾಡಿಸಬೇಕಾದ್ದು? ಅದರ ಮೇಲೆ ಇವಳು ದಿನಾ ಪೂಲ್‌ನಿಂದ ಬಂದು "ಅಪ್ಪಾ, ಕೈ ಭಾರ, ನೀರು ಹಿಡಿತಕ್ಕೇ ಸಿಗುತ್ತಿಲ್ಲ" ಅನ್ನುತ್ತಾಳೆ. ಕಡಿಮೆ ಈಜಿದರೆ ಹಗುರ ಅನ್ನಿಸಬೇಕು ಅಲ್ವಾ? ಮನೆಯಲ್ಲಿ ಅಜ್ಜಿಯದೂ ಅದೇ ಪ್ರಶ್ನೆ, ಮಗು ಇಷ್ಟು ಬೇಗ ಯಾಕೆ ಮನೆಗೆ ಬರುತ್ತಿದೆ ಅಂತ. ಈ ಮಳೆ ಚಳಿಯಲ್ಲಿ ಬೆಳಗಿನ ಜಾವ ಎದ್ದು ಈಜಿದ ಶ್ರಮ ಈ ಹತ್ತು ಹನ್ನೆರಡು ದಿನದಲ್ಲಿ ಕರಗಿಹೋದರೆ ಏನು ಮಾಡುವುದು? ತಿಳಿದವರು ದಯವಿಟ್ಟು ಹೇಳಿ.

ನೀಲಿನೀರು
ನಿಮ್ಮ ಕೋಚ್ ಸರಿಯಾಗಿಯೇ ಮಾಡುತ್ತಿದ್ದಾರೆ ಸರ್. ನಾನು ಚಿಕ್ಕಮಗಳೂರಿನವಳು, ಯೂನಿವರ್ಸಿಟಿ ಮಟ್ಟದ ತನಕ ಈಜಿದ್ದೇನೆ. ದೊಡ್ಡ ಮೀಟ್‌ಗೆ ಮುಂಚೆ ದೂರ ಇಳಿಸುವುದು ಎಲ್ಲ ಕಡೆ ಇರುವ ಪದ್ಧತಿ, ಅದಕ್ಕೇ ಟೇಪರ್ ಅನ್ನುವುದು. ಕೈ ಭಾರ ಅನ್ನಿಸುವುದೂ ಮಾಮೂಲಿ, ಮೊದಲ ಕೆಲವು ದಿನ ಹೆಚ್ಚು ಕಡಿಮೆ ಎಲ್ಲರಿಗೂ ಹಾಗೇ. ಮಗಳ ಹತ್ತಿರ ದಿನಾ "ಹೇಗಿತ್ತು, ಹೇಗಿತ್ತು" ಅಂತ ಕೇಳಬೇಡಿ. ಅದೊಂದೇ ನನ್ನ ಬೇಡಿಕೆ.

ಪಿಟಿ_ಮೇಷ್ಟ್ರು_ಅರಸೀಕೆರೆ
ನಾನು ಒಪ್ಪುವುದಿಲ್ಲ. ಮಕ್ಕಳನ್ನು ತಾಲ್ಲೂಕು, ಜಿಲ್ಲೆ, ವಿಭಾಗ ಮಟ್ಟದ ಕೂಟಗಳಿಗೆ ಕರೆದುಕೊಂಡು ಹೋಗಿದ್ದೇನೆ. ಹಿಂದಿನ ದಿನದವರೆಗೂ ಚೆನ್ನಾಗಿ ಅಭ್ಯಾಸ ಮಾಡಿದವರೇ ಮೆಡಲ್ ತಂದಿದ್ದಾರೆ. ರೆಸ್ಟ್ ರೆಸ್ಟ್ ಅಂತ ಕೂತವರಿಗೆ ಮೈ ಸೋಮಾರಿಯಾಗುತ್ತದೆ. ಎಲ್ಲವನ್ನೂ ಹೊರದೇಶದವರ ಲೆಕ್ಕದಲ್ಲಿ ನೋಡಬೇಡಿ.

ಓಟಗಾರ
ಓಟದಲ್ಲೂ ಇದೇ ಪದ್ಧತಿ. ಮ್ಯಾರಥಾನ್‌ಗೆ ಎರಡು ಮೂರು ವಾರ ಇರುವಾಗಲೇ ಇಳಿಸುತ್ತಾ ಬರುತ್ತೇವೆ.

ಲೇನ್_ನಾಲ್ಕು
ನಾನು ಕೋಚಿಂಗ್ ಮಾಡುವವನು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ತಿಂಗಳುಗಟ್ಟಲೆ ಈಜಿದಾಗ ಎರಡು ಕೆಲಸ ಒಟ್ಟಿಗೆ ನಡೆಯುತ್ತವೆ. ಒಂದು ಕಡೆ ಶಕ್ತಿ ಬೆಳೆಯುತ್ತದೆ, ಇನ್ನೊಂದು ಕಡೆ ದಣಿವು ಸೇರಿಕೊಳ್ಳುತ್ತದೆ. ಮೇಲೆ ದಣಿವು ಕೂತಿರುವುದರಿಂದ ಅಡಿಯಲ್ಲಿರುವ ಶಕ್ತಿ ಟೈಮಿಂಗ್‌ನಲ್ಲಿ ಕಾಣಿಸುವುದಿಲ್ಲ. ದೂರ ಇಳಿಸಿದರೆ ದಣಿವು ಬೇಗ ಇಳಿಯುತ್ತದೆ, ಶಕ್ತಿ ಅಷ್ಟು ಬೇಗ ಇಳಿಯುವುದಿಲ್ಲ. ಈ ಎರಡರ ನಡುವೆ ಸಿಗುವ ಕೆಲವು ದಿನಗಳಲ್ಲಿ ರೇಸ್ ಬೀಳುವಂತೆ ನೋಡಿಕೊಳ್ಳುವುದು ನಮ್ಮ ಕೆಲಸ.

ಇದನ್ನು ಸುಮ್ನೆ ಅಂದಾಜಿನ ಮೇಲೆ ಹೇಳುತ್ತಿಲ್ಲ. 2000ದ ಸಿಡ್ನಿ ಒಲಿಂಪಿಕ್ಸ್‌ಗೆ ಹೋಗಿದ್ದ 99 ಈಜುಗಾರರ ಕೊನೆಯ ಮೂರು ವಾರದ ಟೈಮಿಂಗ್‌ಗಳನ್ನು ಕ್ರೀಡಾ ವಿಜ್ಞಾನಿ ಇನ್ಯಿಗೊ ಮುಜಿಕಾ ಮತ್ತು ಜೊತೆಯವರು ಹೋಲಿಸಿ ನೋಡಿದ್ದರು. ಸರಾಸರಿ 2.2 ಶೇಕಡಾ ಸುಧಾರಣೆ ಕಂಡಿತ್ತು. ಕಡಿಮೆ ಅನ್ನಿಸಬಹುದು. ಆದರೆ 200 ಮೀಟರನ್ನು ಎರಡೂವರೆ ನಿಮಿಷದಲ್ಲಿ ಈಜುವ ಹುಡುಗಿಗೆ 2 ಶೇಕಡಾ ಅಂದರೆ 3 ಸೆಕೆಂಡ್. ಮೂರು ಸೆಕೆಂಡ್‌ನಲ್ಲಿ ಎಷ್ಟು ಜನ ಹಿಂದೆ ಮುಂದೆ ಆಗುತ್ತಾರೆ ಅಂತ ಹೀಟ್ಸ್ (ಮೊದಲ ಸುತ್ತಿನ ರೇಸ್) ಹಾಳೆ ನೋಡಿದವರಿಗೆ ಗೊತ್ತು.

ಹಾಸನದ ಅಪ್ಪ ಅವರೇ, ನೀವು ಕೊಟ್ಟ ಅಂಕಿಗಳನ್ನು ನೋಡಿದೆ. ಒಂದೇ ಸಲಕ್ಕೆ ಕೆಳಗೆ ಹಾಕಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಇಳಿಸಿದ್ದಾರೆ. ಎರಡು ವಾರದಲ್ಲಿ ಒಟ್ಟು ದೂರ 40ರಿಂದ 60 ಶೇಕಡಾ ಕಡಿಮೆ ಮಾಡುವುದು ಚೆನ್ನಾಗಿ ಕೆಲಸ ಮಾಡುತ್ತದೆ ಅಂತ ಬೇರೆ ಬೇರೆ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದವರೂ ಹೇಳಿದ್ದಾರೆ. ನೀವು ಕೇಳಬೇಕಾದ ಪ್ರಶ್ನೆ ಬೇರೆ ಇದೆ. ದೂರ ಇಳಿಯಿತು ಸರಿ, ವೇಗ ಇಳಿಯಿತಾ?

ಹಾಸನದ_ಅಪ್ಪ
ವೇಗ ಅಂದರೆ ಹೇಗೆ ಸರ್? ಸ್ವಲ್ಪ ಬಿಡಿಸಿ ಹೇಳಿ.

ಲೇನ್_ನಾಲ್ಕು
1500 ಮೀಟರೇ ಈಜಿಸಿದರೂ ಅದರೊಳಗೆ ರೇಸ್ ವೇಗದ ತುಂಡುಗಳು ಇರಲೇಬೇಕು. ಎರಡೂವರೆ ನಿಮಿಷದ ಗುರಿ ಇದ್ದರೆ ಪ್ರತಿ 50ಕ್ಕೆ ಸುಮಾರು 37-38 ಸೆಕೆಂಡ್. ಅದೇ ವೇಗದಲ್ಲಿ ನಾಲ್ಕು 50, ನಡುವೆ ಬೇಕಾದಷ್ಟು ವಿಶ್ರಾಂತಿ. ಆಮೇಲೆ ಬ್ಲಾಕ್‌ನಿಂದ, ಅಂದರೆ ನೀರಿಗೆ ಹಾರುವ ಕಟ್ಟೆಯಿಂದ, ಕೆಲವು ಸ್ಟಾರ್ಟ್, ಗೋಡೆ ಹತ್ತಿರ ತಿರುಗುವ ಕೆಲವು ಟರ್ನ್. ಉಳಿದದ್ದು ನಿಧಾನ. ದೂರವೂ ಇಳಿದು ವೇಗವೂ ಇಳಿದು ಬರೀ ಆರಾಮವಾಗಿ ತೇಲಿಸುತ್ತಿದ್ದರೆ ಅದು ಟೇಪರ್ ಅಲ್ಲ, ರಜೆ. ವಾರಕ್ಕೆ ಆರು ದಿನ ಹೋಗುತ್ತಿದ್ದವಳು ಈಗಲೂ ಐದು ದಿನವಾದರೂ ನೀರಿಗೆ ಇಳಿಯಬೇಕು.

ತೋಟದಮನೆ
ಇಲ್ಲಿ ಬರೆದದ್ದು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ನಮ್ಮ ಮೂಡಿಗೆರೆ ಕಡೆ ಜೋಡೆತ್ತಿನ ಗಾಡಿ ಓಟಕ್ಕೆ ಎತ್ತು ತಯಾರು ಮಾಡುವವರನ್ನು ನೋಡಿದ್ದೇನೆ. ಓಟ ಹತ್ತಿರ ಬಂತು ಅಂದರೆ ನೊಗ ಕಟ್ಟಿ ಗದ್ದೆಗೆ ಇಳಿಸುವುದಿಲ್ಲ. ಹಾಗಂತ ಕೊಟ್ಟಿಗೆಯಲ್ಲೇ ಕಟ್ಟಿ ಹಾಕುವುದೂ ಇಲ್ಲ. ದಿನಾ ನಡೆಸುತ್ತಾರೆ, ಒಂದು ಚಿಕ್ಕ ಓಟ ಓಡಿಸುತ್ತಾರೆ, ಮೈ ತೊಳೆದು ಕಟ್ಟುತ್ತಾರೆ.

ಹೊಳೆನರಸೀಪುರ_ಹುಡುಗ
ನಮ್ಮ ತಾತ ಹೇಮಾವತಿ ತುಂಬಿ ಹರಿಯುವಾಗ ಆ ದಡದಿಂದ ಈ ದಡಕ್ಕೆ ಈಜುತ್ತಿದ್ದರು. ಅವರಿಗೆ ಯಾವ ಟೇಪರ್ ಇತ್ತು?

ನೀಲಿನೀರು
ತಾತನಿಗೆ ದಡ ಮುಟ್ಟಿದರೆ ಸಾಕಿತ್ತು. ಈ ಹುಡುಗಿಗೆ ಸೆಕೆಂಡಿನ ನೂರನೇ ಭಾಗದಲ್ಲಿ ತೀರ್ಮಾನ. ಎರಡೂ ಈಜೇ, ಬೇಕಾದದ್ದು ಬೇರೆ. ಮತ್ತೆ ಇದನ್ನು ಓದುವ ಮಕ್ಕಳಿಗೆ ಒಂದು ಮಾತು. ಮಳೆಗಾಲದ ಹೊಳೆಗೆ ಇಳಿಯಬೇಡಿ. ಪೂಲ್‌ನಲ್ಲಿ ಎಷ್ಟು ಚೆನ್ನಾಗಿ ಈಜಿದರೂ ಸೆಳೆತ ಬೇರೆ ವಿಷಯ.

ಪಿಟಿ_ಮೇಷ್ಟ್ರು_ಅರಸೀಕೆರೆ
ಲೇನ್ ನಾಲ್ಕು ಅವರೇ, ನೀವು ಹೇಳಿದ್ದು ಒಲಿಂಪಿಕ್ಸ್‌ಗೆ ಹೋದವರ ಲೆಕ್ಕ. ಅವರು ದಿನಕ್ಕೆ ಎರಡು ಹೊತ್ತು ಈಜುವವರು. ನಮ್ಮ ಶಾಲೆಯ ಮಕ್ಕಳಿಗೆ ವಾರಕ್ಕೆ ಎರಡೋ ಮೂರೋ ದಿನ ಪೂಲ್ ಸಿಗುತ್ತದೆ. ಅದೂ ಬಸ್ಸು ಹಿಡಿದು ಹಾಸನಕ್ಕೆ ಹೋಗಬೇಕು. ಒಂದು ಸಲಕ್ಕೆ 1500 ಮೀಟರ್ ಈಜಿದರೆ ದೊಡ್ಡದು. ಅವರಿಗೂ ಅರ್ಧ ಇಳಿಸಿ ಅನ್ನುತ್ತೀರಾ? ಇಳಿಸುವುದಕ್ಕೆ ಏನಿದೆ ಅಲ್ಲಿ?

ಲೇನ್_ನಾಲ್ಕು
ಮೇಷ್ಟ್ರೇ, ಈ ಮಾತು ನೂರಕ್ಕೆ ನೂರು ಒಪ್ಪುತ್ತೇನೆ. ವಾರಕ್ಕೆ ಮೂರು ದಿನ ಈಜುವ ಮಗುವಿನ ಮೈಯಲ್ಲಿ ಇಳಿಸಬೇಕಾದಷ್ಟು ದಣಿವೇ ಸೇರಿರುವುದಿಲ್ಲ. ಅವರಿಗೆ ಕೊನೆಯ ಎರಡು ಮೂರು ದಿನ ಸ್ವಲ್ಪ ಹಗುರ ಮಾಡಿದರೆ ಸಾಕು. ಅದಕ್ಕಿಂತ ಮುಂಚೆ ನೀರು ಬಿಡಿಸಿದರೆ ನಷ್ಟವೇ. ನಿಮ್ಮ ಮಕ್ಕಳು ಹಿಂದಿನ ದಿನದವರೆಗೂ ಅಭ್ಯಾಸ ಮಾಡಿ ಮೆಡಲ್ ತಂದಿದ್ದರಲ್ಲಿ ಆಶ್ಚರ್ಯ ಇಲ್ಲ. ಹತ್ತು ಹನ್ನೊಂದು ವರ್ಷದ ಪುಟಾಣಿಗಳಿಗೂ ಹೀಗೇ. ಅವರು ರಾತ್ರಿ ಚೆನ್ನಾಗಿ ಮಲಗಿ ಎದ್ದರೆ ಅರ್ಧ ದಣಿವು ಹೋಗಿರುತ್ತದೆ.

ಆದರೆ ಈ ಹುಡುಗಿಯದು ವಾರಕ್ಕೆ 27 ಕಿಲೋಮೀಟರ್. ಅವಳಿಗೆ ನಿಮ್ಮ ಲೆಕ್ಕ ಹಾಕಬಾರದು, ನಿಮ್ಮ ಮಕ್ಕಳಿಗೆ ಅವಳ ಲೆಕ್ಕ ಹಾಕಬಾರದು.

ಪಿಟಿ_ಮೇಷ್ಟ್ರು_ಅರಸೀಕೆರೆ
ಹಾಗೆ ಹೇಳಿ. ಮೊದಲೇ ಹಾಗೆ ಬಿಡಿಸಿ ಹೇಳಿದ್ದರೆ ಜಗಳವೇ ಇರಲಿಲ್ಲ.

ಸಕಲೇಶಪುರದ_ಅಮ್ಮ
ನನ್ನ ಮಗನಿಗೆ ಈ ಸಲ ಬೇರೆಯೇ ಕಷ್ಟ. ನಾವು ಹೋಗುವ ಪೂಲನ್ನು ಕ್ಲೀನಿಂಗ್ ಅಂತ ಮೀಟ್‌ಗೆ ಮುಂಚೆ ಮುಚ್ಚಿಬಿಟ್ಟಿದ್ದಾರೆ. ಯಾವಾಗ ತೆರೆಯುತ್ತಾರೆ ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ವರ್ಷಕ್ಕೆ ಒಂದೆರಡು ಮೀಟ್, ಅದರ ತಾರೀಕು ಮುಂಚೆಯೇ ಗೊತ್ತಿರುತ್ತದೆ, ಆಗಲೇ ಮುಚ್ಚಬೇಕಾ? ತುಂಬಾ ಬೇಜಾರಾಗಿದೆ. "ಟೇಪರ್ ಆಯಿತು ಅಂದುಕೊಳ್ಳಿ ಮೇಡಂ" ಅಂದರು ಅಲ್ಲಿಯ ಒಬ್ಬರು. ಹಾಗೆ ಅಂದುಕೊಳ್ಳಬಹುದಾ?

ನೀಲಿನೀರು
ಇಲ್ಲ ಅಕ್ಕ, ಖಂಡಿತ ಇಲ್ಲ. ನಾಲ್ಕೈದು ದಿನ ನೀರೇ ಮುಟ್ಟದಿದ್ದರೆ ಉಸಿರು, ಶಕ್ತಿ ಎಲ್ಲಿಗೂ ಹೋಗುವುದಿಲ್ಲ. ಆದರೆ ಅಂಗೈಗೆ ನೀರಿನ ಹಿಡಿತ ಸಿಗುತ್ತದಲ್ಲ, ಅದು ಬೇಗ ತಪ್ಪುತ್ತದೆ. ಹೇಗಾದರೂ ಮಾಡಿ ಒಂದು ದಿನ ಬಿಟ್ಟು ಒಂದು ದಿನ ಆದರೂ ನೀರಿಗೆ ಇಳಿಸಿ. ಹಾಸನದಲ್ಲಿ ಯಾವುದಾದರೂ ಪೂಲ್‌ನಲ್ಲಿ ಅರ್ಧ ಗಂಟೆ ಕೊಟ್ಟರೂ ಸಾಕು. ಅಪಾರ್ಟ್‌ಮೆಂಟ್‌ನ ಚಿಕ್ಕ ಪೂಲ್ ಆದರೂ ಪರವಾಗಿಲ್ಲ. ಸ್ಕಲ್ಲಿಂಗ್ (ಅಂಗೈ ಅತ್ತಿತ್ತ ಆಡಿಸಿ ನೀರು ಒತ್ತುವುದು), ಕಿಕ್, ಗೋಡೆ ಒದ್ದು ಸ್ಟ್ರೀಮ್‌ಲೈನ್ (ಮೈ ನೇರ ಚಾಚಿ ಜಾರುವುದು), ಇಷ್ಟು ಮಾಡಿಸಬಹುದು.

ಬ್ಯಾಕ್‌ಸ್ಟ್ರೋಕ್_ಹುಡುಗ
ಆಂಟಿ, ಘಾಟಿ ಇಳಿಯುವುದಕ್ಕೆ ಆಗುವುದಾದರೆ ಮಂಗಳೂರಿನ ಎಮ್ಮೆಕೆರೆ ಪೂಲ್ 50 ಮೀಟರ್ ಇದೆ. ಒಂದು ಶನಿವಾರ ಭಾನುವಾರ ಅಲ್ಲಿ ಈಜಿಸಬಹುದು, ಮುಂಚೆಯೇ ಫೋನ್ ಮಾಡಿ ಕೇಳಿಕೊಳ್ಳಿ.

ತೋಟದಮನೆ
ಈ ಮಳೆಯಲ್ಲಿ ಶಿರಾಡಿ ಘಾಟಿ ನಂಬಬೇಡಿ. ಗುಡ್ಡ ಕುಸಿದರೆ ಅರ್ಧ ದಿನ ರಸ್ತೆಯಲ್ಲೇ. ಹಾಸನದ ಕಡೆಯೇ ಹೋಗಿ.

ಓಟಗಾರ
ಘಾಟಿ ರಸ್ತೆಯ ಬಗ್ಗೆ ಮಾತಾಡುವುದಾದರೆ ಅದಕ್ಕೇ ಬೇರೆ ಚರ್ಚೆ ತೆಗೆಯಬೇಕು. ಪ್ರತಿ ವರ್ಷ ಇದೇ ಕಥೆ.

ಫಿಸಿಯೋ_ಕೆಆರ್‌ಪುರಂ
ಕೈ ಭಾರ ಅನ್ನುವುದರ ಬಗ್ಗೆ ಒಂದು ಮಾತು. ಜಾಸ್ತಿ ಈಜುವ ದಿನಗಳಲ್ಲಿ ಮಾಂಸಖಂಡದಲ್ಲಿ ಸೇರಿರುವ ಗ್ಲೈಕೋಜನ್, ಅಂದರೆ ಕೂಡಿಟ್ಟ ಸಕ್ಕರೆಯ ಅಂಶ, ದಿನಾ ಖಾಲಿಯಾಗುತ್ತಾ ಇರುತ್ತದೆ. ದೂರ ಇಳಿಸಿದ ಕೂಡಲೇ ಅದು ಮತ್ತೆ ತುಂಬಿಕೊಳ್ಳುತ್ತದೆ. ಒಂದು ಗ್ರಾಂ ಗ್ಲೈಕೋಜನ್ ಜೊತೆಗೆ ಸುಮಾರು ಮೂರು ಗ್ರಾಂ ನೀರೂ ಬಂದು ಕೂರುತ್ತದೆ. ಹಾಗಾಗಿ ತೂಕ ಅರ್ಧ, ಒಂದು ಕೆಜಿ ಏರಬಹುದು. ಮೈ ಬಿಗಿ ಅನ್ನಿಸಬಹುದು. ಅದು ಕೊಬ್ಬಲ್ಲ. ಈ ವಾರ ತೂಕದ ಮೆಷಿನ್ ಹತ್ತಿರ ಮಗುವನ್ನು ಕರೆದುಕೊಂಡು ಹೋಗಬೇಡಿ. ಹುಡುಗಿಯರಿಗಂತೂ "ದಪ್ಪ ಆದೆ" ಅನ್ನುವ ಒಂದು ಮಾತು ಸಾಕು, ಊಟ ಬಿಟ್ಟುಬಿಡುತ್ತಾರೆ. ಮೀಟ್ ಮುಂದೆ ಇಟ್ಟುಕೊಂಡು ಊಟ ಬಿಟ್ಟರೆ ಟೇಪರ್ ಮಾಡಿಸಿದ್ದೂ ವ್ಯರ್ಥ.

ಇನ್ನೊಂದು. ವೇಗಕ್ಕೆ ಬೇಕಾದ ಮಾಂಸದ ಎಳೆಗಳೇ ಬೇರೆ. ಉದ್ದ ಉದ್ದ ಈಜುವ ತಿಂಗಳುಗಳಲ್ಲಿ ಅವು ಸೋತಿರುತ್ತವೆ, ವಿಶ್ರಾಂತಿ ಸಿಕ್ಕಾಗ ಮತ್ತೆ ಬಲ ಪಡೆಯುತ್ತವೆ. ಅದಕ್ಕೇ 50, 100 ಮೀಟರ್ ಈಜುವವರಿಗೆ ಉದ್ದದ ಟೇಪರ್, 1500 ಈಜುವವರಿಗೆ ಚಿಕ್ಕದು. 200 ಮೀಟರ್ ಇವೆರಡರ ನಡುವೆ ಬರುತ್ತದೆ. ಜಿಮ್ ಮಾಡುತ್ತಿದ್ದರೆ ಭಾರ ಎತ್ತುವುದನ್ನು ಈಗಲೇ ನಿಲ್ಲಿಸಿ. ರಬ್ಬರ್ ಬ್ಯಾಂಡ್‌ನಲ್ಲಿ ಭುಜದ ವ್ಯಾಯಾಮ ಮುಂದುವರಿಸಿ.

ಹಾಸನದ_ಅಪ್ಪ
ಅಯ್ಯೋ, ತೂಕದ ವಿಷಯ ನಿನ್ನೆಯೇ ಮನೆಯಲ್ಲಿ ಬಂದಿತ್ತು. ಒಳ್ಳೆಯದಾಯಿತು ಹೇಳಿದ್ದು. ಊಟದ ಬಗ್ಗೆಯೂ ಹೇಳಿ ಸರ್. ನಮ್ಮದು ಬೆಳಿಗ್ಗೆ ಅಕ್ಕಿ ರೊಟ್ಟಿ, ಮಧ್ಯಾಹ್ನ ಮುದ್ದೆ ಸಾರು, ರಾತ್ರಿ ಅನ್ನ. ಅಜ್ಜಿ ಈಗ ತುಪ್ಪ, ಹೋಳಿಗೆ ಶುರು ಮಾಡಿದ್ದಾರೆ, ಮಗುವಿಗೆ ಶಕ್ತಿ ಬರಲಿ ಅಂತ.

ಫಿಸಿಯೋ_ಕೆಆರ್‌ಪುರಂ
ನಿಮ್ಮ ಊಟ ಚೆನ್ನಾಗಿಯೇ ಇದೆ. ಮುದ್ದೆ, ಅನ್ನ ಕಡಿಮೆ ಮಾಡಬೇಡಿ, ಮಾಂಸಖಂಡ ತುಂಬುವುದೇ ಅದರಿಂದ. ಈಜು ಕಡಿಮೆ ಆದಾಗ ಹಸಿವೂ ಸ್ವಲ್ಪ ಕಡಿಮೆ ಆಗುತ್ತದೆ, ಬಲವಂತವಾಗಿ ತುರುಕಬೇಡಿ. ಕಾಳು ಸಾರು, ಮೊಟ್ಟೆ, ಮೊಸರು ಎಂದಿನಂತೆ ಇರಲಿ. ಅಜ್ಜಿಗೆ ಹೋಳಿಗೆ ರೇಸ್ ಮುಗಿದ ಮೇಲೆ ಅಂತ ಹೇಳಿ, ಬೇಜಾರು ಮಾಡಬೇಡಿ. ರೇಸ್ ದಿನ ಹೊಸ ತಿಂಡಿ ಬೇಡ. ಇಡ್ಲಿ, ಬಾಳೆಹಣ್ಣು, ಅವಳಿಗೆ ಅಭ್ಯಾಸ ಇರುವುದು ಯಾವುದಾದರೂ ಸರಿ, ಈಜುವುದಕ್ಕೆ ಎರಡು ಮೂರು ಗಂಟೆ ಮುಂಚೆ.

ತೋಟದಮನೆ
ಕಾಫಿ?

ಫಿಸಿಯೋ_ಕೆಆರ್‌ಪುರಂ
ಕಾಫಿ ನಾಡಿನಲ್ಲಿ ಬೇಡ ಅನ್ನುವುದು ಕಷ್ಟ! ದೊಡ್ಡವರು ರೇಸ್‌ಗೆ ಮುಂಚೆ ಕುಡಿಯುವುದುಂಟು, ಕೆಲವರಿಗೆ ಅನುಕೂಲವೂ ಆಗುತ್ತದೆ. 14 ವರ್ಷದ ಮಗುವಿಗೆ ಅದರ ಅಗತ್ಯ ಇಲ್ಲ. ಸಂಜೆ ಕುಡಿದರೆ ನಿದ್ದೆ ಕೆಡುತ್ತದೆ. ಈ ವಯಸ್ಸಿಗೆ ರಾತ್ರಿ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು. ಟೇಪರ್‌ನಲ್ಲಿ ಅರ್ಧ ಲಾಭ ಬರುವುದೇ ಹಾಸಿಗೆಯಿಂದ. ಬೆಳಗಿನ ಬ್ಯಾಚ್ ಬದಲು ಸಂಜೆ ಬ್ಯಾಚ್‌ಗೆ ಕೋಚ್ ಒಪ್ಪುತ್ತಾರಾ ಕೇಳಿ ನೋಡಿ.

ಬ್ಯಾಕ್‌ಸ್ಟ್ರೋಕ್_ಹುಡುಗ
ನಮ್ಮ ಬ್ಯಾಚ್‌ನ ಒಬ್ಬನ ಕಥೆ ಹೇಳುತ್ತೇನೆ. ಹೋದ ವರ್ಷ ಮೀಟ್‌ಗೆ ಮೂರು ದಿನ ಇರುವಾಗ, ಹೇಗೂ ಪ್ರಾಕ್ಟೀಸ್ ಕಡಿಮೆ, ಟೈಮ್ ಇದೆ ಅಂತ ಫ್ರೆಂಡ್ಸ್ ಜೊತೆ ಮುಳ್ಳಯ್ಯನಗಿರಿ ಹತ್ತಿದ. ಸರ್ಪದಾರಿಯಲ್ಲೇ ಹತ್ತಿ ಅದರಲ್ಲೇ ಇಳಿದಿದ್ದ. ರೇಸ್ ಹಿಂದಿನ ದಿನ ಮೆಟ್ಟಿಲು ಇಳಿಯುವುದಕ್ಕೂ ತೊಡೆ ಹಿಡಿದುಕೊಳ್ಳುತ್ತಿದ್ದ. ಬ್ಲಾಕ್ ಮೇಲೆ ಬಗ್ಗುವುದಕ್ಕೇ ಆಗಲಿಲ್ಲ. ವರ್ಷಪೂರ್ತಿ ನನಗಿಂತ ಚೆನ್ನಾಗಿ ಈಜುತ್ತಿದ್ದವನು ಅವನು.

ಲೇನ್_ನಾಲ್ಕು
ಇದು ತುಂಬಾ ಮುಖ್ಯ. ಮಕ್ಕಳಿಗೆ ನೀರಿನಲ್ಲಿ ಉಳಿಸಿದ ಶಕ್ತಿ ಹೊರಗೆ ಖರ್ಚು ಮಾಡುವ ಆಸೆ ಬರುತ್ತದೆ. ಶಟಲ್, ಕ್ರಿಕೆಟ್, ಸೈಕಲ್. ಅಭ್ಯಾಸ ಇಲ್ಲದ ಆಟವಾಡಿದರೆ, ಅದರಲ್ಲೂ ಇಳಿಜಾರು ಇಳಿದರೆ, ಮೈ ನೋವು ಎರಡನೇ ದಿನ ಜೋರಾಗುತ್ತದೆ. ಅಂದರೆ ಸರಿಯಾಗಿ ರೇಸ್ ಹೊತ್ತಿಗೆ. ಶಾಲೆಯಲ್ಲಿ ಪಿಟಿ ಪೀರಿಯಡ್‌ಗೂ ಒಂದು ಮಾತು ಹೇಳಿಡಿ.

ಪಿಟಿ_ಮೇಷ್ಟ್ರು_ಅರಸೀಕೆರೆ
ಪೋಷಕರು ಬಂದು ಹೇಳಿದರೆ ಯಾವ ಪಿಟಿ ಮೇಷ್ಟ್ರೂ ಬೇಡ ಅನ್ನುವುದಿಲ್ಲ. ನಾವಂತೂ ಆ ಮಗುವನ್ನು ಸ್ಕೋರ್ ಬರೆಯುವುದಕ್ಕೆ ಕೂರಿಸುತ್ತೇವೆ.

ಸಕಲೇಶಪುರದ_ಅಮ್ಮ
ಮದುವೆ ಮನೆಗಳಿಗೆ ಕರೆದುಕೊಂಡು ಹೋಗುವುದನ್ನೂ ನಿಲ್ಲಿಸಿ. ಮಳೆಗಾಲ, ಎಲ್ಲಿ ನೋಡಿದರೂ ಶೀತ ಜ್ವರ.

ಡಾಕ್ಟರಮ್ಮ
ಸರ್, ಇದನ್ನು ಮಗಳ ಅಮ್ಮನಿಗೆ ಓದಿಸಿ, ನೀವೂ ಓದಿ. ಮೀಟ್ ದಿನಗಳಲ್ಲಿ ಮುಟ್ಟು ಬರಬಹುದು ಅಂತ ಲೆಕ್ಕ ಇದ್ದರೆ ಮನೆಯಲ್ಲಿ ಮುಂಚೆಯೇ ಮುಚ್ಚುಮರೆ ಇಲ್ಲದೆ ಮಾತಾಡಿಕೊಳ್ಳಿ. ಮುಟ್ಟಿನ ದಿನ ಈಜಬಹುದು, ತುಂಬಾ ಜನ ಈಜುತ್ತಾರೆ. ಯಾರದೋ ಮಾತು ಕೇಳಿ ಮುಂದೂಡುವ ಮಾತ್ರೆ ಅಂಗಡಿಯಿಂದ ತಂದು ಕೊಡಬೇಡಿ. ಮೀಟ್ ಹತ್ತಿರ ಇಟ್ಟುಕೊಂಡು ಹೊಸ ಮಾತ್ರೆಯ ಪ್ರಯೋಗ ಬೇಡವೇ ಬೇಡ. ನೋವು ಜಾಸ್ತಿ ಬರುತ್ತದೆ ಅಂದರೆ ಈಗಲೇ ವೈದ್ಯರಿಗೆ ತೋರಿಸಿ.

ಕೈ ಭಾರ ಎರಡನೇ ವಾರವೂ ಇಳಿಯದಿದ್ದರೆ, ಮೆಟ್ಟಿಲು ಹತ್ತಿದರೂ ಏದುಸಿರು ಬಂದರೆ, ಅದನ್ನು ಟೇಪರ್ ತಲೆಗೆ ಕಟ್ಟಬೇಡಿ. ಈ ವಯಸ್ಸಿನ ಹುಡುಗಿಯರಲ್ಲಿ ರಕ್ತಹೀನತೆ ತುಂಬಾ ಸಾಮಾನ್ಯ. ಒಂದು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ.

ಹಾಸನದ_ಅಪ್ಪ
ತುಂಬಾ ಧನ್ಯವಾದ ಮೇಡಂ. ಅವಳ ಅಮ್ಮ ಪಕ್ಕದಲ್ಲೇ ಕೂತು ಓದುತ್ತಿದ್ದಾಳೆ.

ಇವತ್ತು ಪೂಲ್ ಹತ್ತಿರ ಸ್ಟಾಪ್‌ವಾಚ್ ಹಿಡಿದು ನಿಂತೆ, ಕೋಚ್ ಒಪ್ಪಿದರು. ಲೇನ್ ನಾಲ್ಕು ಅವರು ಹೇಳಿದ ಹಾಗೆ 50 ಮೀಟರ್ ತುಂಡುಗಳೇ ಇತ್ತು. ಮಗಳು ಪ್ರತಿ ಸಲ ಗೋಡೆ ಮುಟ್ಟಿ ಮುಖ ಸಣ್ಣ ಮಾಡಿಕೊಂಡು "ಚೆನ್ನಾಗಿ ಆಗಲಿಲ್ಲ" ಅಂದಳು. ಆದರೆ ನಾಲ್ಕೂ ಸಲ ಟೈಮಿಂಗ್ ಗುರಿಗಿಂತ ಒಳಗೇ ಇತ್ತು. ಕೈ ಇನ್ನೂ ಭಾರವೇ ಅಂತೆ. ಈಗ ಅವಳ ಮಾತು ನಂಬಬೇಕಾ, ಗಡಿಯಾರ ನಂಬಬೇಕಾ?

ನೀಲಿನೀರು
ಗಡಿಯಾರ ಸರ್! ಆ ಅಂಕಿಗಳನ್ನು ಅವಳಿಗೂ ತೋರಿಸಿ. ಆದರೆ ಇದೇ ಖುಷಿಯಲ್ಲಿ ನಾಳೆ ಪೂರ್ತಿ 200 ಈಜಿಸಿ ಟೈಮ್ ನೋಡೋಣ ಅಂತ ಹೊರಡಬೇಡಿ. ತುಂಬಾ ಪೋಷಕರು ಮಾಡುವುದು ಅದನ್ನೇ. ಕೊನೆಯ ವಾರದಲ್ಲಿ ಪ್ರಾಕ್ಟೀಸ್ ಪೂಲ್‌ನಲ್ಲೇ ರೇಸ್ ಈಜಿಬಿಡುತ್ತಾರೆ, ಬಸವನಗುಡಿಗೆ ಹೋಗುವಷ್ಟರಲ್ಲಿ ಖಾಲಿ.

ಬ್ಯಾಕ್‌ಸ್ಟ್ರೋಕ್_ಹುಡುಗ
ಅಂಕಲ್, ನಿಮ್ಮ ಪೂಲ್ 25 ಮೀಟರಾ, 50 ಮೀಟರಾ?

ಹಾಸನದ_ಅಪ್ಪ
25 ಮೀಟರ್.

ಬ್ಯಾಕ್‌ಸ್ಟ್ರೋಕ್_ಹುಡುಗ
ಹಾಗಾದರೆ ಒಂದು ವಿಷಯ ಅವಳಿಗೆ ಮೊದಲೇ ಹೇಳಿ. 200 ಮೀಟರ್‌ಗೆ 25ರ ಪೂಲ್‌ನಲ್ಲಿ 7 ಟರ್ನ್ ಬರುತ್ತದೆ, ಬಸವನಗುಡಿಯ 50ರ ಪೂಲ್‌ನಲ್ಲಿ ಬರೀ 3. ಪ್ರತಿ ಟರ್ನ್‌ನಲ್ಲಿ ಗೋಡೆ ಒದ್ದು ಸಿಗುವ ವೇಗ ಅಲ್ಲಿ ಸಿಗುವುದಿಲ್ಲ. ಟೈಮಿಂಗ್ ಸ್ವಲ್ಪ ನಿಧಾನವಾಗಿ ಬರುವುದು ಸಹಜ. ನಮ್ಮ ಕಡೆಯ ಮಕ್ಕಳು ಮೊದಲ ಸಲ ಅಲ್ಲಿ ಈಜಿದಾಗ ಮೂರನೇ 50ರಲ್ಲಿ ಗೋಡೆ ಬರುವುದೇ ಇಲ್ಲವೇನೋ ಅನ್ನಿಸಿ ಗಾಬರಿಯಾಗುತ್ತಾರೆ. ಮೊದಲ 50 ಜೋರಾಗಿ ಹೋಗಬಾರದು.

ಬ್ಯಾಕ್‌ಸ್ಟ್ರೋಕ್‌ಗೆ ಪೂಲ್ ಮೇಲೆ ಅಡ್ಡಲಾಗಿ ಕಟ್ಟುವ ಬಾವುಟದ ಸಾಲು ಎಲ್ಲಾ ಕಡೆ ಗೋಡೆಯಿಂದ 5 ಮೀಟರ್. ಬಾವುಟದಿಂದ ಗೋಡೆಗೆ ಎಷ್ಟು ಸ್ಟ್ರೋಕ್ ಅಂತ ಈಗಲೇ ರೇಸ್ ವೇಗದಲ್ಲಿ ಎಣಿಸಿಕೊಳ್ಳಲಿ. ಟೇಪರ್‌ನಲ್ಲಿ ವೇಗ ಬಂದ ಮೇಲೆ ಒಂದು ಸ್ಟ್ರೋಕ್ ಕಡಿಮೆ ಆಗಬಹುದು, ಹಳೇ ಎಣಿಕೆ ನಂಬಿದರೆ ತಲೆ ಗೋಡೆಗೆ ಹೊಡೆಯುತ್ತದೆ.

ಲೇನ್_ನಾಲ್ಕು
ಶಭಾಷ್. ಇದನ್ನು ನಾನೇ ಬರೆಯಬೇಕು ಅಂತಿದ್ದೆ.

ಹೊಳೆನರಸೀಪುರ_ಹುಡುಗ
ಬೆಂಗಳೂರಿಗೆ ಹೋದರೆ ಎತ್ತರ ಬದಲಾಗಿ ಉಸಿರಿಗೆ ತೊಂದರೆ ಆಗುವುದಿಲ್ವಾ? ಕೇಳುತ್ತಿದ್ದೇನೆ ಅಷ್ಟೇ.

ಓಟಗಾರ
ಹಾಸನ, ಬೆಂಗಳೂರು ಎರಡೂ ಸಮುದ್ರ ಮಟ್ಟದಿಂದ 900 ಮೀಟರಿಗಿಂತ ಮೇಲೆಯೇ ಇವೆ. ಏನೂ ವ್ಯತ್ಯಾಸ ಆಗುವುದಿಲ್ಲ. ಮಂಗಳೂರಿಗೆ ಹೋದರೆ ಸೆಖೆ ಜಾಸ್ತಿ, ಅದು ಬೇರೆ ಮಾತು.

ಸಕಲೇಶಪುರದ_ಅಮ್ಮ
ನನ್ನ ಮಗನಿಗೆ ಹಾಸನದಲ್ಲಿ ಒಂದು ಕಡೆ ಒಪ್ಪಿದರು! ಮಧ್ಯಾಹ್ನ ಮುಕ್ಕಾಲು ಗಂಟೆ ಕೊಡುತ್ತಾರಂತೆ. ನೀಲಿನೀರು ಅವರಿಗೆ ಥ್ಯಾಂಕ್ಸ್. ಇನ್ನೊಂದು ಪ್ರಶ್ನೆ. ಹೊಸ ರೇಸಿಂಗ್ ಸೂಟ್ ಕೊಡಿಸು ಅಂತ ಹಟ ಹಿಡಿದಿದ್ದಾನೆ. ಸಾವಿರಾರು ರೂಪಾಯಿ. ಕೊಡಿಸಬೇಕಾ?

ನೀಲಿನೀರು
ವಯಸ್ಸೆಷ್ಟು ಅಕ್ಕ?

ಸಕಲೇಶಪುರದ_ಅಮ್ಮ
12.

ನೀಲಿನೀರು
ಬೇಡ. ಅದೇ ದುಡ್ಡಿನಲ್ಲಿ ಎರಡು ಒಳ್ಳೆ ಗಾಗಲ್ಸ್ ಮತ್ತು ಒಂದು ದಪ್ಪ ಜಾಕೆಟ್ ತೆಗೆಯಿರಿ. ಗಾಗಲ್ಸನ್ನು ಈಗಲೇ ಹಾಕಿ ಡೈವ್ ಹೊಡೆಸಿ ನೋಡಿ, ರೇಸ್ ದಿನ ಹೊಸದು ಹಾಕಬಾರದು.

ಜಾಕೆಟ್ ಯಾಕೆ ಅಂದರೆ, ವಾರ್ಮ್ ಅಪ್ ಮುಗಿಸಿ ಮಕ್ಕಳು ಒದ್ದೆ ಬಟ್ಟೆಯಲ್ಲೇ ಗಂಟೆಗಟ್ಟಲೆ ಕೂರುತ್ತಾರೆ. ಬಿಸಿ ಮಾಡಿಕೊಂಡ ಮೈ ಮತ್ತೆ ತಣ್ಣಗಾಗುತ್ತದೆ. 200 ಮೀಟರ್ ಫ್ರೀಸ್ಟೈಲ್‌ನಲ್ಲೇ ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. ವಾರ್ಮ್ ಅಪ್ ಆಗಿ 20 ನಿಮಿಷಕ್ಕೆ ಈಜಿದವರು, 45 ನಿಮಿಷ ಕಾದು ಈಜಿದಾಗಿನದಕ್ಕಿಂತ ಸುಮಾರು ಒಂದೂವರೆ ಶೇಕಡಾ ವೇಗವಾಗಿದ್ದರು. ಎರಡು ವಾರ ಟೇಪರ್ ಮಾಡಿ ಗಳಿಸಿದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಬೆಂಚಿನ ಮೇಲೆ ಚಳಿಯಲ್ಲಿ ಕೂತು ಕಳೆಯಬಹುದು ಅಂತಾಯಿತು. ನಮ್ಮ ಮೀಟ್‌ಗಳಲ್ಲಿ ಹೀಟ್ಸ್ ಯಾವಾಗ ಅಂತ ಸರಿಯಾಗಿ ಗೊತ್ತಾಗುವುದಿಲ್ಲ, ಅದಕ್ಕೇ ಒಣ ಬಟ್ಟೆ, ಸಾಕ್ಸ್, ಜಾಕೆಟ್ ಹಾಕಿ ಕೂರಿಸಿ. ಕರೆಯುವ ಮುಂಚೆ ಜಾಗದಲ್ಲೇ ಕುಣಿದು, ಕೈ ತಿರುಗಿಸಿ ಮೈ ಬಿಸಿ ಮಾಡಿಕೊಳ್ಳಲಿ.

ತೋಟದಮನೆ
ಈಜಿನಲ್ಲಿ ಇಷ್ಟೆಲ್ಲ ಇದೆ ಅಂತ ಇವತ್ತೇ ಗೊತ್ತಾಗಿದ್ದು. ನಮ್ಮ ಜಿಲ್ಲೆಗಳಿಂದ ಯಾರಾದರೂ ಒಲಿಂಪಿಕ್ಸ್‌ವರೆಗೆ ಹೋಗಲಿ ಅಂತ ಆಸೆ. ಎಲ್ಲಾ ಬೆಂಗಳೂರಿನವರೇ ಅಲ್ವಾ?

ಲೇನ್_ನಾಲ್ಕು
ಹೌದು, ಪೂಲ್ ಇರುವ ಕಡೆ ಈಜುಗಾರರು ಹುಟ್ಟುತ್ತಾರೆ. ನಿಶಾ ಮಿಲೆಟ್ 2000ದ ಸಿಡ್ನಿಯಲ್ಲಿ ಈಜಿದ್ದು ಇದೇ 200 ಮೀಟರ್ ಫ್ರೀಸ್ಟೈಲ್. 2024ರ ಪ್ಯಾರಿಸ್‌ನಲ್ಲಿ ಧಿನಿಧಿ ದೇಸಿಂಗು ಈಜಿದ್ದೂ ಅದೇ ದೂರ, ಆಗ ಅವಳಿಗೆ 14 ವರ್ಷ. ನಮ್ಮ ಮಕ್ಕಳಿಗೆ ಶಕ್ತಿ ಕಡಿಮೆ ಇಲ್ಲ. ಹಾಸನಕ್ಕೆ, ಚಿಕ್ಕಮಗಳೂರಿಗೆ ಬಿಸಿ ನೀರಿನ ವ್ಯವಸ್ಥೆ ಇರುವ ಒಂದೊಂದು 50 ಮೀಟರ್ ಪೂಲ್ ಬೇಕು. ಸ್ಪರ್ಧೆಯ ಪೂಲ್‌ನಲ್ಲಿ ನೀರು 25ರಿಂದ 28 ಡಿಗ್ರಿ ಇರಬೇಕು ಅಂತ ನಿಯಮ ಇದೆ. ನಮ್ಮಲ್ಲಿ ಡಿಸೆಂಬರ್, ಜನವರಿಯ ಬೆಳಿಗ್ಗೆ ಮಕ್ಕಳ ತುಟಿ ನೀಲಿಯಾಗುತ್ತದೆ. ಆ ತಿಂಗಳುಗಳಲ್ಲೇ ಶಕ್ತಿ ಕಟ್ಟಬೇಕು, ಆಗಲೇ ಪೂಲ್ ಖಾಲಿ. ಕಟ್ಟದೇ ಇದ್ದ ಶಕ್ತಿಯನ್ನು ಎಂಥ ಒಳ್ಳೆ ಟೇಪರ್ ಕೂಡ ಹೊರಗೆ ತೆಗೆಯಲಾರದು. ಈ ವಿಷಯವನ್ನು ಪೋಷಕರೆಲ್ಲ ಸೇರಿ ಜಿಲ್ಲಾ ಮಟ್ಟದಲ್ಲಿ ಕೇಳಲೇಬೇಕು.

ಪಿಟಿ_ಮೇಷ್ಟ್ರು_ಅರಸೀಕೆರೆ
ಅರ್ಜಿ ಬರೆಯಿರಿ, ಮೊದಲ ಸಹಿ ನನ್ನದು. ತಾಲ್ಲೂಕಿನ ಮಕ್ಕಳಿಗೆ ವಾರಕ್ಕೆ ಎರಡು ದಿನ ಉಚಿತ ಸಮಯ ಬೇಕು ಅನ್ನುವುದನ್ನೂ ಸೇರಿಸಿ.

ಡಾಕ್ಟರಮ್ಮ
ನನ್ನದೂ ಸೇರಿಸಿ.

ಹಾಸನದ_ಅಪ್ಪ
ನಾನು ಬರೆದು ಇಲ್ಲೇ ಹಾಕುತ್ತೇನೆ, ತಿದ್ದಿ ಕೊಡಿ. ಮೀಟ್ ಮುಗಿಸಿಕೊಂಡು ಬಂದ ಮೇಲೆ ಒಂದು ದಿನ ಎಲ್ಲ ಸೇರೋಣ. ಈಗ ಪ್ರಯಾಣದ್ದು ಕೊನೆಯ ಪ್ರಶ್ನೆ. ಮೊದಲ ರೇಸ್ ಶನಿವಾರ ಬೆಳಿಗ್ಗೆ. ಶುಕ್ರವಾರ ರಾತ್ರಿ ಬಸ್ಸು ಹತ್ತಿದರೆ ಬೆಳಗಿನ ಜಾವ ಮೆಜೆಸ್ಟಿಕ್. ಲಾಡ್ಜ್ ಖರ್ಚು ಉಳಿಯುತ್ತದೆ ಅಂತ ಯೋಚನೆ.

ನೀಲಿನೀರು
ದಯವಿಟ್ಟು ಬೇಡ ಸರ್. ಆ ಒಂದು ರಾತ್ರಿಯ ನಿದ್ದೆ ಹೋದರೆ ಎರಡು ವಾರ ಮಾಡಿದ್ದಕ್ಕೆ ಕಲ್ಲು ಹಾಕಿದ ಹಾಗೆ. ಶುಕ್ರವಾರ ಬೆಳಿಗ್ಗೆಯೇ ಹೊರಡಿ. ಮಧ್ಯಾಹ್ನ ತಲುಪಿ, ಸಂಜೆ ಪೂಲ್‌ನಲ್ಲಿ ಬಿಡುತ್ತಾರಾ ಕೇಳಿ. ಬಿಟ್ಟರೆ 600-800 ಮೀಟರ್ ಈಜಿ, ಎರಡು ಸ್ಟಾರ್ಟ್, ನಾಲ್ಕು ಟರ್ನ್ ನೋಡಿಕೊಳ್ಳಲಿ. ಬ್ಲಾಕ್ ಜಾರುತ್ತದಾ, ಗೋಡೆ ಹೇಗಿದೆ, ಬ್ಯಾಕ್‌ಸ್ಟ್ರೋಕ್‌ನಲ್ಲಿ ಮೇಲೆ ನೋಡಿದರೆ ನೇರ ಹೋಗುವುದಕ್ಕೆ ಏನು ಗುರುತು ಸಿಗುತ್ತದೆ, ಇದೆಲ್ಲ ಹಿಂದಿನ ದಿನವೇ ಗೊತ್ತಿರಬೇಕು.

ಓಟಗಾರ
ರೈಲಿನಲ್ಲಿ ಹೋಗಿ. ಶ್ರವಣಬೆಳಗೊಳದ ಮೇಲೆ ಹೋಗುವ ಲೈನ್ ಆದ ಮೇಲೆ ಬಸ್ಸಿಗಿಂತ ಆರಾಮ. ಮಗು ಕಾಲು ಚಾಚಿ ಕೂರಬಹುದು, ಎದ್ದು ಓಡಾಡಬಹುದು.

ಬ್ಯಾಕ್‌ಸ್ಟ್ರೋಕ್_ಹುಡುಗ
ಬೆಂಗಳೂರು ತಲುಪಿದ ಮೇಲೆ ಹಸಿರು ಲೈನ್ ಮೆಟ್ರೋ ಹಿಡಿದು ನ್ಯಾಷನಲ್ ಕಾಲೇಜ್ ಸ್ಟೇಷನ್‌ನಲ್ಲಿ ಇಳಿಯಿರಿ, ಅಲ್ಲಿಂದ ಆಟೋ. ರೇಸ್ ಎಲ್ಲಾ ಮುಗಿದ ಮೇಲೆ ಗಾಂಧಿಬಜಾರ್‌ನಲ್ಲಿ ದೋಸೆ ಕೊಡಿಸಿ, ಮುಂಚೆ ಅಲ್ಲ. ನಾನೂ ಬರುತ್ತಿದ್ದೇನೆ ಅಂಕಲ್, 100 ಮತ್ತು 200 ಬ್ಯಾಕ್. ವಾರ್ಮ್ ಅಪ್‌ಗೆ ಬೇಗ ಬನ್ನಿ, ಆಮೇಲೆ ಲೇನ್ ತುಂಬಿಬಿಡುತ್ತದೆ. ಬಂದಾಗ ನನಗೊಂದು ಮೆಸೇಜ್ ಹಾಕಿ, ಖಾಲಿ ಇರುವ ಲೇನ್ ನೋಡಿ ಇಟ್ಟಿರುತ್ತೇನೆ.